ಹದಿನೈದು ನಿಮಿಷ ಹಳೆಯ ಹಡಗು

ಬೆಳಗಿನ ಮಬ್ಬಿನಲ್ಲಿ ಹಡಗುಗಳ ದಾರಿಯೊಂದನ್ನು ಅಡ್ಡ ದಾಟುತ್ತಿದ್ದೆವು. ಒಂಬತ್ತು ಮೀಟರಿನ ಹಾಯಿದೋಣಿಯಲ್ಲಿ ನಾನು ಮತ್ತು ಒಬ್ಬ ಗೆಳೆಯ, ಇಬ್ಬರೇ. ಗಾಳಿ ಹೆಸರಿಗಷ್ಟೇ ಇತ್ತು. ಮೊಬೈಲಿನ ನಕ್ಷೆಯಲ್ಲಿ ಒಂದು ಸರಕು ಹಡಗಿನ ಗುರುತು ನಮ್ಮಿಂದ ನಾಲ್ಕು ನಾಟಿಕಲ್ ಮೈಲಿ ಆಚೆ ಕಾಣುತ್ತಿತ್ತು, ವೇಗ 16 ನಾಟ್, ಅಂದರೆ ಗಂಟೆಗೆ 16 ನಾಟಿಕಲ್ ಮೈಲಿ. ‘ಇನ್ನೂ ಕಾಲುಗಂಟೆ ಇದೆ, ದಾಟಿಬಿಡೋಣ’ ಎಂದೆ. ಗೆಳೆಯ ಮಾತನಾಡಲಿಲ್ಲ, ನನ್ನ ಭುಜ ತಟ್ಟಿ ಕೈ ತೋರಿಸಿದ. ಮಂಜಿನೊಳಗೆ ಒಂದು ಕೆಂಪು ದೀಪ, ಒಂದು ಹಸಿರು ದೀಪ. ಹಡಗಿನ ಎಡಬಲದ ದೀಪಗಳು ಎರಡೂ ಒಮ್ಮೆಗೇ ಕಂಡವೆಂದರೆ ಅದರ ಮೂತಿ ನೇರ ನಮ್ಮ ಕಡೆಗೇ ಇದೆ ಎಂದು ಅರ್ಥ.

ಎಂಜಿನ್ ಹಾಕಿ ಬಂದ ದಾರಿಗೇ ತಿರುಗಿದೆವು. ಎರಡು ಮೂರು ನಿಮಿಷಗಳಲ್ಲಿ ಕಪ್ಪು ಗೋಡೆಯಂಥದ್ದು ಹಾದುಹೋಯಿತು. ಅದು ಎಬ್ಬಿಸಿದ ಅಲೆಗಳಲ್ಲಿ ದೋಣಿ ತೊಟ್ಟಿಲಿನಂತೆ ತೂಗುತ್ತಿರುವಾಗ ಮೊಬೈಲ್ ನೋಡಿದರೆ ಆ ಹಡಗು ಇನ್ನೂ ನಾಲ್ಕು ಮೈಲಿ ಆಚೆಯೇ ಇದೆ! ಗುರುತಿನ ಮೇಲೆ ಬೆರಳಿಟ್ಟೆ. ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದಿತ್ತು: ಸ್ಥಾನ ಸಿಕ್ಕಿದ್ದು 15 ನಿಮಿಷದ ಹಿಂದೆ. 16 ನಾಟ್ ವೇಗದ ಹಡಗು ಕಾಲುಗಂಟೆಯಲ್ಲಿ ಸರಿಯಾಗಿ ನಾಲ್ಕು ಮೈಲಿ ಹೋಗುತ್ತದೆ. ನನ್ನ ಲೆಕ್ಕ ತಪ್ಪಿರಲಿಲ್ಲ, ಆ ಕಾಲುಗಂಟೆ ಆಗಲೇ ಬಹುಪಾಲು ಕಳೆದುಹೋಗಿತ್ತು, ಅಷ್ಟೇ.

ಮನೆಗೆ ಬಂದ ಮೇಲೆ ಈ ನಕ್ಷೆ ತಯಾರಾಗುವುದು ಹೇಗೆ ಎಂದು ಕುಳಿತು ಓದಿದೆ. ಅದನ್ನು ಮೊದಲೇ ಓದಬೇಕಿತ್ತು. ಇದರ ಬುಡದಲ್ಲಿರುವುದು ಎಐಎಸ್ (ಆಟೊಮ್ಯಾಟಿಕ್ ಐಡೆಂಟಿಫಿಕೇಶನ್ ಸಿಸ್ಟಮ್) ಎಂಬ ವ್ಯವಸ್ಥೆ. ಅಂತರರಾಷ್ಟ್ರೀಯ ಯಾನದ 300 ಗ್ರಾಸ್ ಟನ್ನೇಜ್ (ಹಡಗಿನ ಒಳಗಾತ್ರದ ಅಳತೆ) ಮತ್ತು ಅದಕ್ಕೂ ದೊಡ್ಡ ಹಡಗುಗಳಿಗೆ, ಗಾತ್ರ ಎಷ್ಟೇ ಇರಲಿ ಪ್ರಯಾಣಿಕರ ಹಡಗುಗಳಿಗೆ, 2004ರ ಕೊನೆಯ ಹೊತ್ತಿಗೆ ಇದು ಕಡ್ಡಾಯವಾಯಿತು. ಹಡಗು ತನ್ನ ಸ್ಥಾನ, ವೇಗ, ದಿಕ್ಕುಗಳನ್ನು ವಿಎಚ್‌ಎಫ್ ರೇಡಿಯೊದಲ್ಲಿ ತಾನೇ ಸಾರುತ್ತಾ ಹೋಗುತ್ತದೆ. ಓಡುತ್ತಿರುವಾಗ 2ರಿಂದ 10 ಸೆಕೆಂಡಿಗೊಮ್ಮೆ, ಲಂಗರು ಹಾಕಿ ನಿಂತಾಗ ಮೂರು ನಿಮಿಷಕ್ಕೊಮ್ಮೆ. ಅಂದರೆ ಹಡಗಿನ ಕಡೆಯಿಂದ ತಡವಿಲ್ಲ. ತಡವಾಗುವುದು ದಾರಿಯಲ್ಲಿ. ದಡದಲ್ಲಿ ಯಾರೋ ಹವ್ಯಾಸಿ ತನ್ನ ಮಹಡಿಯ ಮೇಲೆ ಆಂಟೆನಾ ನಿಲ್ಲಿಸಿರುತ್ತಾನೆ. ಅದು ಕೇಳಿಸಿಕೊಂಡದ್ದು ಇಂಟರ್ನೆಟ್ ಮೂಲಕ ಸರ್ವರಿಗೆ ಹೋಗಿ, ಅಲ್ಲಿಂದ ನನ್ನ ಮೊಬೈಲಿಗೆ ಬರಬೇಕು. ಆ ಆಂಟೆನಾಕ್ಕೆ ಹಡಗಿನ ದನಿ ಕೇಳಿಸದೆ ಹೋದರೆ ಕೊನೆಯ ಸಲ ಕೇಳಿದ ಜಾಗದಲ್ಲೇ ಗುರುತು ನಿಂತುಬಿಡುತ್ತದೆ. ಉಪಗ್ರಹಗಳೂ ಇದನ್ನು ಕೇಳಿಸಿಕೊಳ್ಳುತ್ತವೆ, ಆದರೆ ಆ ಮಾಹಿತಿಯನ್ನು ಹೆಚ್ಚಿನ ತಾಣಗಳು ಹಣ ಕೊಟ್ಟವರಿಗಷ್ಟೇ ತೋರಿಸುತ್ತವೆ. ಇಂಥ ನಕ್ಷೆಗಳ ತಾಣಗಳಲ್ಲೊಂದಾದ ಮೆರೈನ್‌ಟ್ರಾಫಿಕ್ ಕೂಡ 2007ರಲ್ಲಿ ಗ್ರೀಸಿನ ಏಜಿಯನ್ ವಿಶ್ವವಿದ್ಯಾಲಯದಲ್ಲಿ ಶುರುವಾಗಿ ಇಂಥ ಹವ್ಯಾಸಿಗಳ ಆಂಟೆನಾಗಳನ್ನು ನಂಬಿಯೇ ಬೆಳೆದದ್ದು.

ಆ ಹವ್ಯಾಸಿ ನಾನೇ ಯಾಕಾಗಬಾರದು ಎನಿಸಿತು. ಕಂಪ್ಯೂಟರಿಗೆ ಚುಚ್ಚುವ ಅಗ್ಗದ ರೇಡಿಯೊ ರಿಸೀವರ್ ಆದ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ತಂದು, ಹಡಗುಗಳ ಸಂಕೇತ ಓದುವ ಎಐಎಸ್-ಕ್ಯಾಚರ್ ತಂತ್ರಾಂಶ ಹಾಕಿದೆ. ಎಐಎಸ್ ಮಾತನಾಡುವುದು 162 ಮೆಗಾಹರ್ಟ್ಸ್ ಆಸುಪಾಸಿನ ಎರಡು ಚಾನೆಲ್‌ಗಳಲ್ಲಿ. ತರಂಗದ ಉದ್ದ ಸುಮಾರು 1.85 ಮೀಟರ್, ಅದರ ಕಾಲು ಭಾಗ 46 ಸೆಂಟಿಮೀಟರ್. ಅಷ್ಟುದ್ದದ ತಾಮ್ರದ ತಂತಿ ಕತ್ತರಿಸಿ ನೆಟ್ಟಗೆ ನಿಲ್ಲಿಸಿದೆ, ಕೆಳಗೆ ಅಷ್ಟೇ ಉದ್ದದ ನಾಲ್ಕು ತಂತಿಗಳನ್ನು ಕೊಡೆಯ ಕಡ್ಡಿಗಳಂತೆ ಇಳಿಬಿಟ್ಟೆ. (ನಾಟಿಕಲ್ ಮೈಲಿ ಎಂದರೆ 1.852 ಕಿಲೋಮೀಟರ್. ಎರಡು ಅಂಕಿಗಳೂ ಹೆಚ್ಚು ಕಡಿಮೆ ಒಂದೇ. ಸಂಬಂಧ ಏನೂ ಇಲ್ಲ, ಆದರೂ ನನಗೆ ಖುಷಿಯಾಯಿತು.) ಕಿಟಕಿಯ ಬಳಿ ಇಟ್ಟಾಗ ಮೂರು ಹಡಗು ಸಿಕ್ಕವು, ಮಹಡಿಗೆ ಏರಿಸಿದಾಗ ಮೂವತ್ತು. ವಿಎಚ್‌ಎಫ್‌ನಲ್ಲಿ ಎತ್ತರವೇ ಸರ್ವಸ್ವ.

ಇದೇ ಪಾಠವನ್ನು ದೋಣಿಗೂ ತಂದೆ. ಈಗ ದೋಣಿಯಲ್ಲಿ ಇಂಟರ್ನೆಟ್ ಇಲ್ಲದೆಯೇ ನೇರ ಕೇಳಿಸಿಕೊಳ್ಳುವ ಎಐಎಸ್ ರಿಸೀವರ್ ಇದೆ, ಆಂಟೆನಾ ಹಾಯಿಕಂಬದ ತುದಿಯಲ್ಲಿದೆ. ದೊಡ್ಡ ಹಡಗುಗಳು ಸಾಮಾನ್ಯವಾಗಿ ಇಪ್ಪತ್ತು ಮೈಲಿ ಆಚೆಯಿಂದಲೇ ಸಿಗುತ್ತವೆ. ಲ್ಯಾಪ್‌ಟಾಪಿನ ಓಪನ್‌ಸಿಪಿಎನ್ ಎಂಬ ನಾವಿಕ ತಂತ್ರಾಂಶದ ನಕ್ಷೆಯಲ್ಲಿ ನಾನು ಮೊದಲು ನೋಡುವುದು ಎರಡೇ ಅಂಕಿ: ಇಬ್ಬರೂ ಹೀಗೆಯೇ ಹೋದರೆ ಅತಿ ಹತ್ತಿರ ಬಂದಾಗ ನಡುವಿನ ದೂರ ಎಷ್ಟು, ಅದಕ್ಕೆ ಇನ್ನೆಷ್ಟು ನಿಮಿಷ. ದೂರ ಒಂದು ಮೈಲಿಗಿಂತ ಕಡಿಮೆ, ಸಮಯ ಇಪ್ಪತ್ತು ನಿಮಿಷದೊಳಗೆ ಎಂದಾದರೆ ಗಂಟೆ ಬಾರಿಸುವಂತೆ ಹೊಂದಿಸಿದ್ದೇನೆ. ಬಂದರಿನೊಳಗೆ ಇದು ಬಾರಿಸುತ್ತಲೇ ಇರುತ್ತದೆ. ಒಮ್ಮೆ ತಲೆಕೆಟ್ಟು ನಿಲ್ಲಿಸಿದವನು ಹೊರಗೆ ಬಂದ ಮೇಲೆ ಮತ್ತೆ ಹಾಕಲು ಮರೆತು, ಇಡೀ ರಾತ್ರಿ ‘ಆಹಾ, ಎಷ್ಟು ಶಾಂತವಾಗಿದೆ’ ಎಂದುಕೊಂಡು ಕಳೆದೆ.

ಒಂದು ಮೈಲಿ ಜಾಸ್ತಿಯಾಯಿತು ಎನ್ನುವವರಿದ್ದಾರೆ. ನಕ್ಷೆಯ ಗುರುತು ತೋರಿಸುವುದು ಹಡಗಿನ ಜಿಪಿಎಸ್ ಆಂಟೆನಾ ಇರುವ ಜಾಗವನ್ನು. ಮುನ್ನೂರು ಮೀಟರಿನ ಟ್ಯಾಂಕರಿನಲ್ಲಿ ಅದು ಹಿಂಭಾಗದಲ್ಲಿ, ಚಾಲನಾ ಕೊಠಡಿಯ ಮೇಲೆ ಇರುತ್ತದೆ. ಗುರುತಿನ ಮುಂದೆ ಇನ್ನೂ ಇನ್ನೂರೈವತ್ತು ಮೀಟರ್ ಉಕ್ಕು ಇದೆ ಎಂಬುದನ್ನು ನೆನಪಿಟ್ಟುಕೊಂಡರೆ ಒಂದು ಮೈಲಿ ಏನೇನೂ ಹೆಚ್ಚಲ್ಲ.

ಮನುಷ್ಯರು ಕೈಯಿಂದ ತುಂಬುವ ಮಾಹಿತಿಯನ್ನು ನಾನು ನಂಬುವುದಿಲ್ಲ. ‘ಲಂಗರು ಹಾಕಿದೆ’ ಎಂದು ಸಾರುತ್ತಲೇ 12 ನಾಟ್‌ನಲ್ಲಿ ಓಡುವ ಹಡಗುಗಳನ್ನು ಎಷ್ಟೋ ಕಂಡಿದ್ದೇನೆ. ಹೊರಡುವಾಗ ಬದಲಾಯಿಸಲು ಮರೆತಿರುತ್ತಾರೆ. ಹೋಗುವ ಬಂದರಿನ ಹೆಸರಿಗೆ ಇರುವುದು ಇಪ್ಪತ್ತು ಅಕ್ಷರದ ಜಾಗ. ಕಡಲ್ಗಳ್ಳರ ಭಯವಿರುವ ಕಡೆ ಅಲ್ಲಿ ‘ಶಸ್ತ್ರಧಾರಿ ಕಾವಲುಗಾರರಿದ್ದಾರೆ’ ಎಂದು ಬರೆಯುವವರೂ ಉಂಟು. ಜಿಪಿಎಸ್ ಸಂಕೇತವನ್ನೇ ಕೆಡಿಸಿದರೆ ಯಂತ್ರ ತುಂಬುವ ಸ್ಥಾನವೂ ಸುಳ್ಳಾಗುತ್ತದೆ: 2017ರ ಜೂನ್‌ನಲ್ಲಿ ಕಪ್ಪು ಸಮುದ್ರದ ನೊವೊರೊಸಿಸ್ಕ್ ಬಳಿ ತೇಲುತ್ತಿದ್ದ ಹಡಗುಗಳು ತಾವು ವಿಮಾನ ನಿಲ್ದಾಣದಲ್ಲಿ ಇರುವುದಾಗಿ ಹೇಳಿಕೊಂಡಿದ್ದವು. ಇನ್ನು ಚಿಕ್ಕ ಮೀನುಗಾರಿಕೆ ದೋಣಿಗಳಲ್ಲಿ ಅನೇಕಕ್ಕೆ ಎಐಎಸ್ ಇರುವುದೇ ಇಲ್ಲ. 1972ರ ಡಿಕ್ಕಿ ತಡೆ ನಿಯಮಗಳಲ್ಲಿ ಐದನೆಯದು ಕಣ್ಣು, ಕಿವಿಗಳನ್ನು ಮೊದಲು ಹೇಳಿ ಉಳಿದ ಸಾಧನಗಳನ್ನು ಆಮೇಲೆ ಹೇಳುತ್ತದೆ. ನಾನು ಈಗಲೂ ಕೈದಿಕ್ಸೂಚಿ ಹಿಡಿದು, ಬರುವ ಹಡಗು ನನಗೆ ಕಾಣುವ ದಿಕ್ಕನ್ನು ಕೆಲವು ನಿಮಿಷಕ್ಕೊಮ್ಮೆ ಅಳೆಯುತ್ತೇನೆ. ಹಡಗು ಹತ್ತಿರವಾಗುತ್ತಾ ದಿಕ್ಕು ಮಾತ್ರ ಬದಲಾಗದಿದ್ದರೆ ಡಿಕ್ಕಿಯ ದಾರಿಯಲ್ಲಿದ್ದೇವೆ ಎಂದರ್ಥ.

ಹಾಗಾದರೆ ಇಂಟರ್ನೆಟ್ ನಕ್ಷೆ ಬೇಡವೇ? ಬೇಕು, ಹೊರಡುವ ಮುಂಚೆ. ದಾಟಬೇಕಾದ ದಾರಿಯನ್ನು ಒಂದು ವಾರ ಅದೇ ಹೊತ್ತಿಗೆ ತೆರೆದು ನೋಡುತ್ತೇನೆ. ಪ್ರಯಾಣಿಕರ ಹಡಗು ಎಷ್ಟು ಗಂಟೆಗೆ ಬರುತ್ತದೆ, ಟ್ಯಾಂಕರುಗಳು ಎಲ್ಲಿ ತಿರುಗುತ್ತವೆ, ಬಂದರಿನ ದಾರಿ ತೋರಿಸುವವರನ್ನು ಹಡಗಿಗೆ ಒಯ್ಯುವ ಪೈಲಟ್ ದೋಣಿ ಎಲ್ಲಿ ಕಾಯುತ್ತದೆ ಎಲ್ಲವೂ ತಿಳಿಯುತ್ತದೆ. ಅಭ್ಯಾಸಗಳನ್ನು ಅರಿಯಲು ಹದಿನೈದು ನಿಮಿಷದ ತಡ ಅಡ್ಡಿಯಲ್ಲ.

ಕಳೆದ ವರ್ಷ ನನ್ನ ದೋಣಿಗೂ ತನ್ನ ಸ್ಥಾನವನ್ನು ತಾನೇ ಸಾರುವ ಟ್ರಾನ್ಸ್‌ಪಾಂಡರ್ ಹಾಕಿಸಿದೆ. ನನ್ನದು ಸಣ್ಣ ದೋಣಿಗಳಿಗೆಂದು ಇರುವ ಬಿ ವರ್ಗದ್ದು, ಶಕ್ತಿ ಎರಡು ವಾಟ್. ದೊಡ್ಡ ಹಡಗುಗಳದು 12.5. ಮನೆಯವರು ನನ್ನನ್ನು ನಕ್ಷೆಯಲ್ಲಿ ನೋಡುತ್ತಿರಲಿ ಎಂದು ಅಕ್ಕನಿಗೆ ಕೊಂಡಿ ಕಳುಹಿಸಿದ್ದೇ ತಪ್ಪಾಯಿತು. ದಡದಿಂದ ದೂರ ಹೋದ ಕೂಡಲೇ ನನ್ನ ಎರಡು ವಾಟ್ ಯಾವ ಆಂಟೆನಾಕ್ಕೂ ಕೇಳಿಸದೆ ಗುರುತು ಕಡಲ ನಡುವೆ ನಿಂತುಬಿಟ್ಟಿತು. ಸಂಜೆ ಮೊಬೈಲಿಗೆ ಸಿಗ್ನಲ್ ಸಿಕ್ಕಿದಾಗ ಹನ್ನೊಂದು ಕರೆಗಳು ಬಂದಿದ್ದವು. ‘ಮೂರು ಗಂಟೆಯಿಂದ ಒಂದೇ ಕಡೆ ನಿಂತಿದ್ದೀಯಲ್ಲೋ, ಏನಾಯಿತು?’ ಎಂದಳು ಅಕ್ಕ, ಅಳುವುದೊಂದೇ ಬಾಕಿ. ಸಣ್ಣ ಅಕ್ಷರದ ಆ ಸಾಲನ್ನು ಎಲ್ಲಿ ನೋಡಬೇಕೆಂದು ಅಂದೇ ಅವಳಿಗೆ ತೋರಿಸಿಕೊಟ್ಟೆ. ಈಗ ನಾನು ದಡ ಸೇರುವ ಹೊತ್ತಿಗೆ ಅವಳ ಸಂದೇಶ ಕಾದಿರುತ್ತದೆ: ‘ನೀನು ನಾಲ್ಕು ಗಂಟೆ ಹಳೆಯವನು. ಬಂದೆಯಾ?’