ಸೈಬರ್ ಕೆಫೆಯಲ್ಲಿ ಗುರುತಿನ ಚೀಟಿ ಕೊಡುವಾಗ
ರಾಯಚೂರಿನ ಸೈಬರ್ ಕೆಫೆಯಲ್ಲಿ ಅರ್ಜಿ ತುಂಬಲು ಕುಳಿತರೆ, 2011ರ ಸೈಬರ್ ಕೆಫೆ ನಿಯಮಗಳ ಪ್ರಕಾರ ಗುರುತಿನ ದಾಖಲೆ ತೋರಿಸಲೇಬೇಕು. ಆದರೆ ಅದು ಆಧಾರೇ ಆಗಬೇಕೆಂದಿಲ್ಲ. ಮತದಾರರ ಚೀಟಿ, ಚಾಲನಾ ಪರವಾನಗಿ, ಭಾವಚಿತ್ರವಿರುವ ಕಾಲೇಜು ಗುರುತಿನ ಚೀಟಿಯೂ ಸಲ್ಲುತ್ತದೆ. ಬ್ಯಾಂಕ್ ಖಾತೆಯೊಂದಿಗೆ ಜೋಡಣೆಯಾಗದ ಕಾಲೇಜು ಚೀಟಿಯೇ ವಿದ್ಯಾರ್ಥಿಗಳಿಗೆ ಲೇಸೆಂದು ನನ್ನ ಅಭಿಪ್ರಾಯ. ಆಧಾರನ್ನೇ ಕೊಡುವುದಾದರೆ, ಕೊನೆಯ 4 ಅಂಕಿಗಳಷ್ಟೇ ಕಾಣುವ ಮಾಸ್ಕ್ಡ್ ಆಧಾರನ್ನು ಆಧಾರ್ ನೀಡುವ ಪ್ರಾಧಿಕಾರದ (ಯುಐಡಿಎಐ) ಜಾಲತಾಣದಿಂದ ಮೊದಲೇ ಇಳಿಸಿಕೊಂಡು, ಅದರ ಜೆರಾಕ್ಸ್ ಪ್ರತಿಯ ಮೇಲೆ ಉದ್ದೇಶ ಮತ್ತು ದಿನಾಂಕ ಬರೆದು, ಅಡ್ಡಲಾಗಿ ಸಹಿ ಹಾಕಿರಿ. ಹೆಸರು, ವಿಳಾಸ, ಬಳಸಿದ ವೇಳೆ ನಮೂದಾಗುವ ಪುಸ್ತಕವನ್ನು ಕೆಫೆಯವರು ಕನಿಷ್ಠ 1 ವರ್ಷ ಇಟ್ಟುಕೊಳ್ಳಬೇಕಾದುದರಿಂದ ಈ ಎಚ್ಚರ ಅಗತ್ಯ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪು ನೀಡಿದ್ದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಏಳುವ ಮುನ್ನ ಲಾಗ್‌ಔಟ್ ಮಾಡಿ, ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಉಳಿದ ಅಂಕಪಟ್ಟಿಯನ್ನು ಅಳಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿರಿ.