ಆರು ಮನೆಗೆ ಒಂದೇ ಡಿಶ್: ನನ್ನ ಅನುಭವ

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಆರು ಮನೆಯ ವಠಾರಕ್ಕೆ ಒಂದೇ ಡಿಶ್‌ನಿಂದ ಡಿಡಿ ಫ್ರೀ ಡಿಶ್ (ತಿಂಗಳ ಶುಲ್ಕ ಇಲ್ಲದ ದೂರದರ್ಶನದ ಉಪಗ್ರಹ ಟಿವಿ) ಕೊಡ್ತೀನಿ ಅಂದಾಗ, ಜೊತೆಯ ಫಿಟ್ಟರ್‌ಗಳೇ "ಒಂದು ಮಳೆಗಾಲ ತಡೆಯಲ್ಲ ಬಿಡಣ್ಣ" ಅಂದರು. ಎರಡನೇ ಮಳೆಗಾಲವೂ ಮುಗೀತು, ಚಿತ್ರ ಅಲುಗಾಡಿಲ್ಲ.

ಆ ಬೀದಿಗೆ ಕೇಬಲ್‌ನವರು ಒಬ್ಬರೇ. ಅವರು ತಮಗೆ ಸಿಗ್ನಲ್ ಕೊಡುವ ಮೇಲಿನ ಕಂಪನಿ ಬದಲಿಸಿದರು, ಎಲ್ಲರ ಸೆಟ್‌ಟಾಪ್ ಬಾಕ್ಸೂ ಸತ್ತುಹೋಯಿತು. ಹೊಸದಕ್ಕೆ ತಲಾ 1,200-1,500 ಕೇಳಿದರು, ಆಕ್ಟಿವೇಶನ್ ಬೇರೆ. ಹಳೇ ಬಾಕ್ಸ್ ಕೊಂಡದ್ದೋ ಬಾಡಿಗೆಯದೋ, ಯಾರ ಹತ್ತಿರವೂ ರಸೀದಿ ಇಲ್ಲ. ಎಲ್ಲ ಕಂಪನಿಗೂ ಹೊಂದುವ ಬಾಕ್ಸ್ ಬೇಕು ಅಂತ ಕೇಬಲ್-ಡಿಟಿಎಚ್ ನಿಯಮ ಮಾಡುವ ಟ್ರಾಯ್ 2020ರಲ್ಲೇ ಶಿಫಾರಸು ಮಾಡಿದೆ. ನಮ್ಮ ಜನ ಮಾತ್ರ ಇನ್ನೂ ಡಬ್ಬಕ್ಕೆ ದುಡ್ಡು ಸುರಿಯುತ್ತಲೇ ಇದ್ದಾರೆ. ನನಗೆ ಹೊಟ್ಟೆ ಉರಿದದ್ದು ಅದಕ್ಕೇ.

ಮೊದಲು ಗೋಡೆಯಲ್ಲಿದ್ದ ಕೇಬಲ್ ಸ್ಪ್ಲಿಟರನ್ನೇ (ಒಂದು ವೈರಿನ ಸಿಗ್ನಲ್ ಹಲವು ಮನೆಗೆ ಹಂಚುವ ಡಬ್ಬಿ) ಬಳಸಿ ನೋಡಿದೆವು, ಒಂದು ಚಾನೆಲ್ಲೂ ಬರಲಿಲ್ಲ. ಅದು 1000 ಮೆಗಾಹರ್ಟ್ಸ್‌ವರೆಗಿನದು, ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಯಿಂದ ಇಳಿಯುವುದು 950ರಿಂದ 2150. ಸ್ಯಾಟಲೈಟ್ ಸ್ಪ್ಲಿಟರ್ ತಂದೆವು. ಆಗ ಮೊದಲ ಮನೆಯವರು ಬಾಕ್ಸ್ ಆಫ್ ಮಾಡಿದರೆ ಆರೂ ಮನೆಯ ಟಿವಿ ಕತ್ತಲು, ಯಾಕೆಂದರೆ ಬಾಕ್ಸ್‌ನಿಂದ ಎಲ್‌ಎನ್‌ಬಿಗೆ ಹೋಗುವ ಕರೆಂಟ್ ದಾಟುತ್ತಿದ್ದದ್ದು ಒಂದೇ ಪೋರ್ಟ್‌ನಲ್ಲಿ. ಎಲ್ಲ ಪೋರ್ಟ್‌ನಲ್ಲೂ ಪವರ್ ಪಾಸ್ ಇರುವುದು ಸಿಕ್ಕ ಮೇಲೆ ಆ ರಗಳೆ ತಪ್ಪಿತು. ಕೊನೆಯ ಮನೆಗೆ ವೈರ್ ಉದ್ದ, ತಾಮ್ರ ಲೇಪಿಸಿದ ಕಬ್ಬಿಣದ ತಂತಿಯಲ್ಲಿ ವೋಲ್ಟೇಜ್ ಕುಸಿಯುತ್ತಿತ್ತು. ಅಪ್ಪಟ ತಾಮ್ರದ ಆರ್‌ಜಿ-6 ಡಿಶ್ ವೈರ್ ಎಳೆದೆ. ಉಪಗ್ರಹ ಇರುವ ಆಗ್ನೇಯಕ್ಕೆ ತೆಂಗಿನಮರ ಅಡ್ಡ ಇತ್ತು, ಡಿಶ್ಶನ್ನು ತಾರಸಿಯ ಇನ್ನೊಂದು ಮೂಲೆಗೆ ಒಯ್ದೆ. ಮಳೆಗೆ ತಡೆಯುವ ಹಾಗೆ ಎಲ್‌ಎನ್‌ಬಿ ತಿರುಗಿಸಿಟ್ಟ ಕೋನ ಮಾತ್ರ ನನ್ನ ಹತ್ತಿರವೇ ಇರಲಿ, ಹೊಟ್ಟೆಪಾಡಿನ ವಿಷಯ.

ಖರ್ಚು ನೆನಪಿದ್ದಷ್ಟು: ಬಾಕ್ಸ್, ವೈರ್, ಕೂಲಿ ಸೇರಿ ಮನೆಗೆ 1,500ರ ಆಸುಪಾಸು. ತಿಂಗಳಿಗೆ 300 ಕಟ್ಟುತ್ತಿದ್ದವರಿಗೆ ಐದಾರು ತಿಂಗಳಲ್ಲಿ ಅಸಲು ವಾಪಸ್.

"ಚಂದನ ಬರುತ್ತೆ ಸರಿ, ನಮ್ಮ ಸೀರಿಯಲ್ ಎಲ್ಲಣ್ಣ?" ಅಂತ ಎರಡು ಮನೆಯ ಅಕ್ಕಂದಿರು ಪಟ್ಟು ಹಿಡಿದರು. ನ್ಯಾಯವೇ, ಫ್ರೀ ಡಿಶ್‌ನಲ್ಲಿ ಕನ್ನಡದ ಖಾಸಗಿ ಚಾನೆಲ್ ಕಡಿಮೆ. ಅವರ ಕೇಬಲ್ ಉಳಿಸಿದೆ, ಪ್ಯಾಕ್ ಮಾತ್ರ ಬಿಡಿಸಿದೆ. ಬಿಡಿ ಚಾನೆಲ್ ಆರಿಸುವ ಹಕ್ಕು 2019ರಿಂದಲೇ ಇದೆ, ಕೇಳುವವರಿಲ್ಲ ಅಷ್ಟೇ. ಕೇಬಲ್‌ನವರಿಗೆ ಸಂಪರ್ಕಕ್ಕೆಂದು ಕಟ್ಟುವ ಜಾಲ ಶುಲ್ಕ ಆಗ 130, ಬೇಕಾದ ಎರಡು ಚಾನೆಲ್, ಜಿಎಸ್‌ಟಿ ಎಲ್ಲ ಕೂಡಿ ತಿಂಗಳಿಗೆ 200ರ ಹತ್ತಿರ ನಿಂತಿತು. ಹೊಸ ಬಾಕ್ಸ್‌ಗೆ ರಸೀದಿ ಬರೆಸಿಕೊಂಡೇ ದುಡ್ಡು ಕೊಡಿಸಿದೆ.

ಮಾಳಿಗೆ ಮನೆಯವರ ಹೊಸ ಟಿವಿಯಲ್ಲಿ ಸ್ಯಾಟಲೈಟ್ ಟ್ಯೂನರ್ ಒಳಗೇ ಇತ್ತು. ವೈರ್ ನೇರ ಟಿವಿಗೆ ಸಿಕ್ಕಿಸಿ ಸ್ಕ್ಯಾನ್ ಕೊಟ್ಟೆ, ಬಾಕ್ಸ್ ಇಲ್ಲದೆಯೇ ಚಾನೆಲ್ ಬಂದವು. ಈಗ ಟಿವಿ ಕೊಳ್ಳುವವರು ಕೇಳಿದರೆ ಮೊದಲು ಅದನ್ನೇ ನೋಡಿ ಅಂತೀನಿ.