ಬಳೆ ಸಡಿಲ, ರವಿಕೆ ಬಿಗಿ: ಪುಡಿ ಪೊಟ್ಟಣದಲ್ಲಿ ಸ್ಟೀರಾಯ್ಡ್ ಪತ್ತೆ ಹೇಗೆ?

ನಮ್ಮ ದೊಡ್ಡಮ್ಮನಿಗೆ ಮಂಡಿನೋವು. ಯಾರೋ ಹೇಳಿದರು ಅಂತ ಒಂದು ಕಡೆಯಿಂದ ಪುಡಿ ತರಿಸಿಕೊಂಡರು. ಹಳೇ ಪೇಪರಿನಲ್ಲಿ ಮಡಚಿದ ಪೊಟ್ಟಣ. ಮೇಲೆ ಹೆಸರಿಲ್ಲ, ತಾರೀಖಿಲ್ಲ. ಮೂರೇ ದಿನಕ್ಕೆ ನೋವು ಮಾಯ. ಒಂದು ಮುದ್ದೆಗೇ ಸಾಕು ಅನ್ನುತ್ತಿದ್ದವರು ಎರಡು ಉಂಡು, ರಾತ್ರಿ ಹನ್ನೊಂದಕ್ಕೆ ಅವಲಕ್ಕಿ ಡಬ್ಬಿಗೆ ಕೈ ಹಾಕತೊಡಗಿದರು. ಮುಖ ತುಂಬಿಕೊಂಡಿದೆ ಅಂತ ಮನೆಯವರಿಗೆಲ್ಲ ಖುಷಿ. ಆರು ತಿಂಗಳ ನಂತರ ನೋಡಿದರೆ ಶುಗರ್ 280.

ಹಸಿವು, ಶುಗರ್ ಎರಡೂ ಒಟ್ಟಿಗೆ ಏರಿದರೆ ನಾವು ವಯಸ್ಸನ್ನೋ ಸ್ವೀಟನ್ನೋ ಬೈಯುತ್ತೇವೆ. ಪುಡಿಯೊಳಗೆ ಬೆರೆತಿರಬಹುದಾದ ಸ್ಟೀರಾಯ್ಡ್ ಮೇಲೆ ಅನುಮಾನ ಬರುವುದೇ ಇಲ್ಲ. ಕಿಡ್ನಿಗಳ ಮೇಲೆ ಟೊಪ್ಪಿಗೆಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗಳು ದಿನವೂ ಕಾರ್ಟಿಸಾಲ್ ಎಂಬ ಹಾರ್ಮೋನ್ ಮಾಡುತ್ತವೆ. ಸ್ಟೀರಾಯ್ಡ್ ಮಾತ್ರೆ ಅದೇ ಕೆಲಸ ಮಾಡುವ ಔಷಧಿ. ನೋವು ಕಡಿಮೆಯಾಗುವುದು ಸುಳ್ಳಲ್ಲ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಕೀಲುವಾತದಿಂದ ನರಳುತ್ತಿದ್ದ ಮಹಿಳೆಗೆ ಇದೇ ಜಾತಿಯ ಕಾರ್ಟಿಸೋನ್ ಕೊಟ್ಟರು. ಕೆಲವೇ ದಿನಗಳಲ್ಲಿ ಅವರು ಓಡಾಡಿದರು. 1950ರಲ್ಲಿ ಆ ಕೆಲಸಕ್ಕೆ ನೊಬೆಲ್ ಬಂತು. ಆದರೆ ಜಾಸ್ತಿಯಾದರೆ ಲಿವರ್ ಸಕ್ಕರೆ ಸುರಿಯುತ್ತದೆ, ಇನ್ಸುಲಿನ್ ಮಾತು ನಡೆಯುವುದಿಲ್ಲ, ಹೊಟ್ಟೆ ಸದಾ ಖಾಲಿ ಅನಿಸುತ್ತದೆ.

ಮೊದಲು ಮೈ ನೋಡಿ. ಸುಮ್ನೆ ದಪ್ಪಗಾಗುವುದೇ ಬೇರೆ, ಇದೇ ಬೇರೆ. ಮುಖ ದುಂಡಗಾಗುತ್ತದೆ, ಹೊಟ್ಟೆ ಬರುತ್ತದೆ, ಕೈಕಾಲು ಮಾತ್ರ ಸಣಕಲಾಗುತ್ತವೆ. ದೊಡ್ಡಮ್ಮನ ರವಿಕೆಗೆ ಹುಕ್ಕು ಹಾಕಲು ಆಗುತ್ತಿರಲಿಲ್ಲ, ಬಳೆಗಳು ಮಾತ್ರ ಮೊಣಕೈವರೆಗೆ ಜಾರುತ್ತಿದ್ದವು. ನೆಲದಿಂದ ಏಳಲು ಗೋಡೆ ಹಿಡಿಯಬೇಕು. ತಾಗಿದಲ್ಲೆಲ್ಲ ಚರ್ಮ ಕಂದುತ್ತಿತ್ತು. ಹೊಟ್ಟೆ ಮೇಲೆ ಬೆರಳಗಲದ ನೇರಳೆ ಗೆರೆಗಳು ಬಂದರಂತೂ ತಡ ಮಾಡಬೇಡಿ.

ಆಮೇಲೆ ಒಂದು ಚೀಲ ತೆಗೆದುಕೊಂಡು ಮನೆಯೆಲ್ಲ ಹುಡುಕಿ. ನುಂಗುವುದು, ಹಚ್ಚುವುದು, ಮೂಗಿಗೆ ಬಿಡುವುದು, ಸೇದುವುದು ಎಲ್ಲ ಅದರೊಳಗೆ ಬೀಳಲಿ. ಮಂಡಿಗೆ ಚುಚ್ಚಿಸಿಕೊಂಡ ಇಂಜೆಕ್ಷನ್ ಇದ್ದರೆ ಚೀಟಿಯಲ್ಲಿ ಬರೆಯಿರಿ. ಲೇಬಲ್ ಇದ್ದರೆ ಓದಿ: ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಡೆಫ್ಲಾಜಾಕಾರ್ಟ್, ಕ್ಲೊಬೆಟಾಸೋಲ್. ಕೊನೆಯದು ಮುಲಾಮು. ಬೆಳ್ಳಗಾಗಲು, ಕಜ್ಜಿ ಹೋಗಲು ಅಂತ ತಿಂಗಳುಗಟ್ಟಲೆ ತಿಕ್ಕಿದರೆ ಅದೂ ರಕ್ತಕ್ಕೆ ಇಳಿಯುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ಡಾಕ್ಟರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಅಂಗಡಿಯಲ್ಲಿ ಕೇಳಿದರೆ ಸಿಗುವುದೇನೂ ನಿಂತಿಲ್ಲ, ಅಲ್ವಾ? ಲೇಬಲ್ಲೇ ಇಲ್ಲದ ಪೊಟ್ಟಣವನ್ನೂ ಬಿಸಾಡಬೇಡಿ, ಡಾಕ್ಟರಿಗೆ ತೋರಿಸಿ. ನಾಟಿ ಔಷಧಿಯೆಲ್ಲ ಹೀಗೇ ಅಂತಲ್ಲ. ಮೂರು ದಿನದಲ್ಲಿ ಹಳೇ ನೋವು ಹಾರಿಹೋದರೆ ಅನುಮಾನ ಪಡಿ, ಅಷ್ಟೇ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು: ಹೆದರಿ ಒಮ್ಮೆಲೇ ನಿಲ್ಲಿಸಬೇಡಿ. ಹೊರಗಿನಿಂದ ಬರುತ್ತಿದೆಯಲ್ಲ ಎಂದು ಅಡ್ರಿನಲ್ ಗ್ರಂಥಿ ಅಷ್ಟರಲ್ಲಿ ನಿದ್ದೆ ಹೋಗಿರುತ್ತದೆ. ಮೂರು ನಾಲ್ಕು ವಾರ ತೆಗೆದುಕೊಂಡರೂ ಇದು ಆಗಬಹುದು. ನಿಲ್ಲಿಸಿದ ಕೂಡಲೇ ಆಟ ಉಲ್ಟಾ. ಹಸಿವೇ ಸತ್ತುಹೋಗುತ್ತದೆ, ವಾಂತಿ, ಎದ್ದು ನಿಂತರೆ ಕಣ್ಣು ಕತ್ತಲೆ, ಬಿಪಿ ಕುಸಿತ, ಕೆಲವರಿಗೆ ಶುಗರ್ ಕೂಡ ಕುಸಿತ. ದೊಡ್ಡಮ್ಮ ಮಾಡಿದ್ದು ಅದನ್ನೇ. ಎರಡನೇ ದಿನ ಗಂಜಿಯೂ ಸೇರಲಿಲ್ಲ. ಮೂರನೇ ದಿನ ಬಚ್ಚಲಲ್ಲಿ ಬಿದ್ದರು. ಆಸ್ಪತ್ರೆಯಲ್ಲಿ ಹೈಡ್ರೊಕಾರ್ಟಿಸೋನ್ (ಔಷಧಿ ರೂಪದ ಕಾರ್ಟಿಸಾಲ್) ಇಂಜೆಕ್ಷನ್, ಡ್ರಿಪ್ ಕೊಟ್ಟ ಮೇಲೆ ಸಂಜೆ ಹೊತ್ತಿಗೆ ಕಾಫಿ ಕೇಳಿದರು.

ಪರೀಕ್ಷೆಗೂ ಒಂದು ಉಪಾಯ ಇದೆ. ಬೆಳಿಗ್ಗೆ ಸ್ಟೀರಾಯ್ಡ್ ನುಂಗುವವರ ಶುಗರ್ ಏರುವುದು ಮಧ್ಯಾಹ್ನದ ಊಟದ ನಂತರ, ಸಂಜೆಗೆ. ಖಾಲಿ ಹೊಟ್ಟೆಯ ರಿಪೋರ್ಟ್ ನಾರ್ಮಲ್ ಬಂದು ಮೋಸ ಮಾಡಬಹುದು. ಊಟವಾಗಿ ಎರಡು ಗಂಟೆಗೆ ನೋಡಿ. ಬೆಳಿಗ್ಗೆ ಎಂಟರ ಸುಮಾರಿಗೆ ಕಾರ್ಟಿಸಾಲ್ ಪರೀಕ್ಷೆ ಮಾಡಿಸುತ್ತಾರೆ. ಮುಖ ನೋಡಿದರೆ ಕಾರ್ಟಿಸಾಲ್ ತುಂಬಿ ತುಳುಕುವಂತಿರುತ್ತದೆ, ರಿಪೋರ್ಟಿನಲ್ಲಿ ಅದು ತೀರಾ ಕಡಿಮೆ! ಡೆಕ್ಸಾಮೆಥಾಸೋನ್‌ನಂಥವು ಈ ಪರೀಕ್ಷೆಗೆ ಕಾಣುವುದಿಲ್ಲ, ಸ್ವಂತದ್ದು ಬತ್ತಿರುವುದಷ್ಟೇ ಕಾಣುತ್ತದೆ. ಹೊರಗಿನಿಂದ ಏನೋ ಒಳಹೋಗುತ್ತಿದೆ ಎಂದು ಡಾಕ್ಟರಿಗೆ ಹೊಳೆಯುವುದು ಇಲ್ಲಿಯೇ.

ಬಿಡಿಸುವುದು ಡಾಕ್ಟರ ಕೆಲಸ. ಡೋಸ್ ಮೆಲ್ಲಗೆ ಇಳಿಸುತ್ತಾರೆ, ತಿಂಗಳುಗಳೇ ಹಿಡಿಯಬಹುದು. ಆಸ್ತಮಾ, ಲೂಪಸ್ (ಮೈಯ ರಕ್ಷಣಾ ವ್ಯವಸ್ಥೆ ಮೈಮೇಲೆಯೇ ತಿರುಗಿಬೀಳುವ ಕಾಯಿಲೆ) ಇತ್ಯಾದಿಗೆ ಡಾಕ್ಟರೇ ಕೊಟ್ಟ ಸ್ಟೀರಾಯ್ಡ್ ಇದ್ದರೆ ಈ ಲೇಖನ ಓದಿ ಬಿಡಬೇಡಿ, ಅದು ಜೀವ ಉಳಿಸುವ ಔಷಧಿ. ಇಳಿಸುವ ದಿನಗಳಲ್ಲಿ ಜ್ವರ, ವಾಂತಿ ಬಂದರೆ, ಆಪರೇಷನ್ ಆಗಬೇಕಾದರೆ ಮೈಗೆ ಹೆಚ್ಚು ಕಾರ್ಟಿಸಾಲ್ ಬೇಕು. ಆಗ ಡೋಸ್ ಎಷ್ಟು ಏರಿಸಬೇಕೆಂದು ಮೊದಲೇ ಬರೆಸಿಕೊಳ್ಳಿ. ದೊಡ್ಡಮ್ಮನ ಆ ಚೀಟಿ ಎಲೆಅಡಿಕೆ ಸಂಚಿಯಲ್ಲಿದೆ. ಸುಣ್ಣ ಮೆತ್ತಿಕೊಂಡಿದೆ, ಆದರೂ ಓದಲು ಬರುತ್ತದೆ.